ಖಾತೆ ಮೇಷ್ಟ್ರದು, ಕಡತ ವಿಶ್ವವಿದ್ಯಾಲಯದ್ದು

ಹೋದ ತಿಂಗಳು ನಮ್ಮ ಕೋರ್ಸಿನ ಕಿರಿಯಳೊಬ್ಬಳು ಫೋನ್ ಮಾಡಿದ್ದಳು. "ಅಣ್ಣಾ, ನಮ್ ಪ್ರಾಯೋಗಿಕ ಪತ್ರಿಕೇಲಿ ನಂದೊಂದು ಕೆರೆ ಸ್ಟೋರಿ ಬಂದಿತ್ತಲ್ಲ, ಅದರ ಪಿಡಿಎಫ್ ನಿಮ್ಮತ್ರ ಇದೆಯಾ?" ಪತ್ರಿಕೆಯೊಂದರ ಟ್ರೈನಿ ಹುದ್ದೆಗೆ ಅರ್ಜಿ ಹಾಕುತ್ತಿದ್ದಳಂತೆ. ಪ್ರಕಟವಾದ ಮೂರು ಬರಹಗಳನ್ನು ಲಿಂಕ್ ಸಮೇತ ಕೇಳಿದ್ದಾರೆ. ಎರಡು ಸಿಕ್ಕಿವೆ. ಇದ್ದುದರಲ್ಲಿ ಚೆಂದದ್ದು ಮೂರನೆಯದು. ಹೂಳು ತೆಗೆಯುವ ಬಿಲ್ ಮಾತ್ರ ಆಗಿ ಹೂಳು ಅಲ್ಲೇ ಉಳಿದ ಕೆರೆಯ ಬಗ್ಗೆ ಅವಳು ನಾಲ್ಕು ಸಲ ಆ ಊರಿಗೆ ಬಸ್ಸಿನಲ್ಲಿ ಹೋಗಿ ಬರೆದದ್ದು. ಅದರ ಲಿಂಕ್ ಒತ್ತಿದರೆ ಈಗ ಅಂಥ ಫೈಲೇ ಇಲ್ಲ ಎಂಬ ಇಂಗ್ಲಿಷ್ ಸಾಲು ಬರುತ್ತದೆ.

ವಿಚಾರಿಸಿದೆವು. ವಿಭಾಗದ ಪತ್ರಿಕೆಯ ಹಳೆಯ ಸಂಚಿಕೆಗಳೆಲ್ಲ ಇದ್ದದ್ದು ಒಬ್ಬ ಅತಿಥಿ ಉಪನ್ಯಾಸಕರ ಖಾತೆಯ ಡ್ರೈವ್‌ನಲ್ಲಿ. ಖಾತೆ ಸಂಸ್ಥೆಯ ಹೆಸರಿನಲ್ಲೇ ಇತ್ತು, ಆದರೆ ಅವರ ವೈಯಕ್ತಿಕ ಲಾಗಿನ್. ಹೊಸ ವರ್ಷದ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಅತಿಥಿ ಉಪನ್ಯಾಸಕರ ಬದುಕೇ ಹಾಗೆ, ಅದನ್ನು ಇಲ್ಲಿ ಹೇಳಲು ಕೂತರೆ ಇನ್ನೊಂದು ಲೇಖನವಾದೀತು. ಜಾಗ ಉಳಿಸಬೇಕು, ಬಿಟ್ಟು ಹೋದವರ ಖಾತೆ ತೆಗೆಯಿರಿ ಎಂದು ಕಚೇರಿಯಿಂದ ಸೂಚನೆ ಬಂತು. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ತೆಗೆದ. ಆರು ವರ್ಷದ ಪತ್ರಿಕೆ ಹೋಯಿತು. ಖಾತೆ ಅಳಿಸುವಾಗ ಅದರ ಫೈಲುಗಳನ್ನು ಬೇರೆ ಖಾತೆಗೆ ವರ್ಗಾಯಿಸುವ ಅವಕಾಶ ಇರುತ್ತದೆ. ಅಳಿಸಿದ ಮೇಲೂ 20 ದಿನದೊಳಗೆ ಮರಳಿಸಬಹುದು. ಇದನ್ನು ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ. ನಮಗೆ ಗೊತ್ತಾಗುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು.

ಯಾವ ಸಂಸ್ಥೆ ಅನ್ನುವುದು ಇಲ್ಲಿ ಬೇಡ. ಓದುವವರಲ್ಲಿ ಹಲವರಿಗೆ ಇದು ನಮ್ಮದೇ ಕಾಲೇಜಿನ ಕಥೆ ಅನ್ನಿಸಬಹುದು.

ನಮ್ಮ ವಿಶ್ವವಿದ್ಯಾಲಯಗಳ ಅರ್ಧ ಕೆಲಸ ಇವತ್ತು ಬೇರೆಯವರ ಜಗುಲಿಯ ಮೇಲೆ ನಡೆಯುತ್ತಿದೆ. ಇಮೇಲ್ ಗೂಗಲ್‌ನದ್ದು ಇಲ್ಲವೇ ಮೈಕ್ರೋಸಾಫ್ಟ್‌ನದ್ದು. ಪಾಠದ ವಿಡಿಯೊ ಯೂಟ್ಯೂಬ್‌ನಲ್ಲಿ, ಹಾಜರಾತಿ ಗೂಗಲ್ ಫಾರ್ಮ್‌ನಲ್ಲಿ, ಸೂಚನೆ ವಾಟ್ಸ್ಆ್ಯಪ್ ಗ್ರೂಪಿನಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಇದೆಲ್ಲ ಒಂದೇ ಸಲ ಒಳಗೆ ಬಂತು, ಆಮೇಲೆ ಹೊರಗೆ ಹೋಗಲಿಲ್ಲ. ಬಂದದ್ದು ತಪ್ಪು ಎಂದು ನಾವು ಹೇಳುತ್ತಿಲ್ಲ. ಬಾಡಿಗೆ ಕರಾರು ಇಲ್ಲದೆ, ಬೀಗದ ಕೈ ಯಾರ ಹತ್ತಿರ ಇದೆ ಎಂದು ನೋಡದೆ ಒಳಗೆ ಹೋಗಿ ಕೂತಿದ್ದೇವಲ್ಲ, ತಕರಾರು ಇರುವುದು ಅದಕ್ಕೆ.

ಮೊದಲು ಎಲ್ಲ ಚೆನ್ನಾಗಿತ್ತು ಎಂದು ಹೇಳುವವರ ಸಾಲಿಗೂ ನಾವು ಸೇರುವುದಿಲ್ಲ. ನಾವು ಡಿಪ್ಲೊಮಾ ಓದುವಾಗ ಕಂಪ್ಯೂಟರ್ ವಿಭಾಗದ ಮೂಲೆಯಲ್ಲಿ ಒಂದು ಸರ್ವರ್ ಇತ್ತು. ಯುಪಿಎಸ್ ಬ್ಯಾಟರಿ ಸತ್ತಿತ್ತು. ಕರೆಂಟು ಹೋದರೆ ವೆಬ್‌ಸೈಟೂ ಹೋಗುತ್ತಿತ್ತು. ಸೂಚನೆಗಳನ್ನು ನುಡಿ ಫಾಂಟಿನಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸೀಲು ಒತ್ತಿ, ಸ್ಕ್ಯಾನ್ ಮಾಡಿ ಹಾಕುತ್ತಿದ್ದರು. ಅದರಲ್ಲಿ ಒಂದು ಪದ ಹುಡುಕಿದರೆ ಸಿಗುತ್ತಿರಲಿಲ್ಲ. ಈಗ ಬಂದ ಬಿಟ್ಟಿ ಸೇವೆಗಳಲ್ಲಿ ಕನ್ನಡ ಯೂನಿಕೋಡ್‌ನಲ್ಲಿ ನೇರವಾಗಿ ಓಡುತ್ತದೆ, ಹುಡುಕಿದರೆ ಸಿಗುತ್ತದೆ, ಹಳ್ಳಿಯ ಹುಡುಗನ ಅಗ್ಗದ ಮೊಬೈಲಿನಲ್ಲೂ ತೆರೆದುಕೊಳ್ಳುತ್ತದೆ. ಇದು ಸಣ್ಣ ಲಾಭವಲ್ಲ. ತಾಲ್ಲೂಕು ಕೇಂದ್ರದ ಕಾಲೇಜೊಂದು ಸ್ವಂತ ಮೇಲ್ ಸರ್ವರ್ ನಡೆಸಲಿ ಎಂದು ಹೇಳುವವರು ಒಂದು ವಾರ ಅದನ್ನು ನಡೆಸಿ ನೋಡಬೇಕು.

ಆದರೆ ಬಿಟ್ಟಿ ಅನ್ನುವುದು ಎಷ್ಟು ದಿನ? ಶಿಕ್ಷಣ ಸಂಸ್ಥೆಗಳಿಗೆ ಎಷ್ಟು ಬೇಕಾದರೂ ಜಾಗ ಉಚಿತ ಎಂದು ಗೂಗಲ್ ವರ್ಷಗಟ್ಟಲೆ ಹೇಳಿತು. 2021ರ ಫೆಬ್ರುವರಿಯಲ್ಲಿ ಮಾತು ಬದಲಿಸಿತು. 2022ರ ಜುಲೈನಿಂದ ಇಡೀ ಸಂಸ್ಥೆಗೆ ಸೇರಿ 100 ಟಿಬಿ ಮಾತ್ರ ಉಚಿತ, ಹೆಚ್ಚು ಬೇಕಾದರೆ ದುಡ್ಡು ಕೊಡಿ ಎಂದಿತು. ಆಮೇಲೆ ಮೈಕ್ರೋಸಾಫ್ಟ್ ಕೂಡ ಅದೇ ಲೆಕ್ಕ ತಂದಿತು. 100 ಟಿಬಿ ಕೇಳಲು ದೊಡ್ಡದು. 20,000 ವಿದ್ಯಾರ್ಥಿಗಳಿರುವ ಕಡೆ ಹಂಚಿದರೆ ತಲೆಗೆ 5 ಜಿಬಿ. ನಮ್ಮ ಮದುವೆ ವಿಡಿಯೊಗೂ ಸಾಲದು. ಬಿಟ್ಟು ಹೋದವರ ಖಾತೆ ತೆಗೆಯಿರಿ ಎಂಬ ಸೂಚನೆಗಳು ಹುಟ್ಟುವುದು ಇಲ್ಲಿಂದಲೇ. ದೂರದ ಕ್ಯಾಲಿಫೋರ್ನಿಯಾದಲ್ಲಿ ಆದ ನಿರ್ಧಾರಕ್ಕೂ ನಮ್ಮ ಹುಡುಗಿಯ ಕೆರೆ ಸ್ಟೋರಿಗೂ ಸಂಬಂಧ ಇದೆ ಎಂದರೆ ಮೊದಲಿಗೆ ನಾವೂ ನಂಬುತ್ತಿರಲಿಲ್ಲ.

ಗೂಗಲ್‌ನ ಕಿರು ಲಿಂಕ್‌ಗಳನ್ನು ಸುತ್ತೋಲೆಗಳ ಕೊನೆಯಲ್ಲಿ ಅಚ್ಚು ಹಾಕಿಸುತ್ತಿದ್ದ ಕಾಲ ನೆನಪಿದೆಯೇ? ಆ ಸೇವೆಯಲ್ಲಿ ಹೊಸ ಲಿಂಕ್ ಮಾಡುವುದು 2019ರಲ್ಲೇ ನಿಂತಿತು. ಬಳಕೆಯಲ್ಲಿಲ್ಲದ ಹಳೆಯ ಲಿಂಕ್‌ಗಳೂ 2025ರ ಆಗಸ್ಟ್‌ನಲ್ಲಿ ಸತ್ತವು. ಯಾಹೂ ಗ್ರೂಪ್ಸ್‌ನಲ್ಲಿ ಜನ ವರ್ಷಗಟ್ಟಲೆ ಕೂಡಿಹಾಕಿದ್ದ ಚರ್ಚೆ, ಚಿತ್ರಗಳನ್ನು ಕಂಪನಿ 2019ರ ಡಿಸೆಂಬರ್‌ನಲ್ಲಿ ತೆಗೆಯತೊಡಗಿತು. ಮುಂದಿನ ವರ್ಷ ಅಂಗಡಿಯನ್ನೇ ಮುಚ್ಚಿತು. ಕಂಪನಿ ತನ್ನ ವಸ್ತುವನ್ನು ತಾನು ಮುಚ್ಚಿತು, ಅದರಲ್ಲಿ ಮೋಸವೇನಿಲ್ಲ. ಕಡತ ಕಾಯಬೇಕಾದ್ದು ಕಡತದ ಒಡೆಯರು.

ಕಡತ ಕಳೆಯುವುದಕ್ಕಿಂತ ಕೆಟ್ಟದ್ದು ಕಡತ ಬೀದಿಗೆ ಬರುವುದು. ಒಮ್ಮೆ ಒಬ್ಬ ವಿದ್ಯಾರ್ಥಿ ನಮಗೊಂದು ಲಿಂಕ್ ಕಳಿಸಿದ, "ಸಾರ್, ಇದು ಸರಿನಾ ನೋಡಿ" ಅಂತ. ವಿದ್ಯಾರ್ಥಿವೇತನಕ್ಕೆಂದು ಕಾಲೇಜು ತುಂಬಿಸಿಕೊಂಡ ಫಾರ್ಮ್‌ನ ಉತ್ತರಗಳ ಹಾಳೆ ಅದು. ಹೆಸರು, ಜಾತಿ, ಅಪ್ಪನ ಆದಾಯ, ಆಧಾರ್, ಬ್ಯಾಂಕ್ ಖಾತೆ, ಹುಡುಗಿಯರ ಮೊಬೈಲ್ ನಂಬರ್, ಎಲ್ಲವೂ. ಲಿಂಕ್ ಇದ್ದವರೆಲ್ಲ ನೋಡಬಹುದು ಎಂಬ ಸೆಟ್ಟಿಂಗ್‌ನಲ್ಲಿಟ್ಟು, ನಿಮ್ಮ ಹೆಸರು ಸರಿ ಇದೆಯಾ ನೋಡಿಕೊಳ್ಳಿ ಎಂದು ಗ್ರೂಪಿಗೆ ಹಾಕಿದ್ದರು. ನಾವು ಸುದ್ದಿ ಬರೆಯುವ ಮೊದಲು ಪ್ರಾಂಶುಪಾಲರಿಗೆ ಫೋನ್ ಮಾಡಿದೆವು. ಸಂಜೆ ಹೊತ್ತಿಗೆ ಮುಚ್ಚಿದರು. ಮುಚ್ಚುವುದು ಹೇಗೆಂದು ತಿಳಿಯಲು ಅವರಿಗೆ ಅಷ್ಟು ಹೊತ್ತು ಬೇಕಾಯಿತು. ಫಾರ್ಮ್ ಮಾಡಿದ ಗುಮಾಸ್ತರು ಅದನ್ನು ತಮ್ಮ ಸ್ವಂತ ಜಿಮೇಲ್‌ನಲ್ಲಿ ಮಾಡಿದ್ದರು. ಅವರು ಅಂದು ರಜೆಯಲ್ಲಿದ್ದರು.

ಫಲಿತಾಂಶದ ದಿನವೂ ಇದೇ ಗೋಳು. ವಿಶ್ವವಿದ್ಯಾಲಯದ ಸೈಟು ಏದುಸಿರು ಬಿಡುತ್ತಿರುತ್ತದೆ. ಸೈಬರ್ ಸೆಂಟರ್‌ನವನು ಯಾವುದೋ ಖಾಸಗಿ ಸೈಟು ತೆರೆದು ರಿಜಿಸ್ಟರ್ ನಂಬರ್ ಹಾಕುತ್ತಾನೆ. ಅಂಕದ ಸುತ್ತ ಕೋಚಿಂಗ್ ಸೆಂಟರ್, ಸಾಲ, ರಮ್ಮಿ ಆಟದ ಜಾಹೀರಾತು. ಸೆಮಿಸ್ಟರ್ ಫೇಲಾದ ಹುಡುಗನ ಕಣ್ಣಿಗೆ ಆ ಗಳಿಗೆಯಲ್ಲಿ ಬೀಳುವುದು ಅದು. ಇಲ್ಲಿ ಕೊಟ್ಟ ಮೊಬೈಲ್ ನಂಬರ್ ಎಲ್ಲಿ ಹೋಗಿ ಕೂರುತ್ತದೆ ಎಂದು ಕಚೇರಿಯಲ್ಲಿ ಕೇಳಿದರೆ, "ಅದು ನಮ್ಮದಲ್ಲ ಸಾರ್, ಏಜೆನ್ಸಿಯವರದ್ದು" ಎಂಬ ಉತ್ತರ ನಮಗೆ ಒಂದಕ್ಕಿಂತ ಹೆಚ್ಚು ಸಲ ಸಿಕ್ಕಿದೆ.

ಇದು ಕೇಳಿ ಆಗುವ ಕೆಲಸವಲ್ಲ, ದೊಡ್ಡ ಕಂಪನಿ ನಮ್ಮ ಮಾತು ಎಲ್ಲಿ ಕೇಳುತ್ತದೆ ಎಂದು ಹಲವರು ಹೇಳುತ್ತಾರೆ. ಕೇಳಿದ ಕಡೆ ಆಗಿದೆ. ನೆದರ್ಲ್ಯಾಂಡ್ಸ್‌ನ ವಿಶ್ವವಿದ್ಯಾಲಯಗಳು ಒಟ್ಟಾಗಿ ಸರ್ಫ್ ಎಂಬ ಸಹಕಾರಿ ಸಂಸ್ಥೆ ಕಟ್ಟಿಕೊಂಡಿವೆ. ಹಾಲಿನ ಸೊಸೈಟಿ ಇದ್ದ ಹಾಗೆ ಅನ್ನಿ. ಗೂಗಲ್ ಸೇವೆಯಿಂದ ವಿದ್ಯಾರ್ಥಿಗಳ ಮಾಹಿತಿಗೆ ಏನೇನು ಅಪಾಯ ಎಂದು ಅಲ್ಲಿ ಮೊದಲು ಪಟ್ಟಿ ಮಾಡಿದರು. ಈ ಅಪಾಯ ಸರಿಪಡಿಸದಿದ್ದರೆ ಬಳಕೆ ನಿಲ್ಲಿಸಿ ಎಂದು ಅಲ್ಲಿನ ಮಾಹಿತಿ ರಕ್ಷಣಾ ಪ್ರಾಧಿಕಾರ ಹೇಳಿತು. 2021ರ ಜುಲೈನಲ್ಲಿ ಗೂಗಲ್ ಮಾತುಕತೆಗೆ ಕೂತು ಕರಾರು ಬದಲಿಸಿತು. ಡೆನ್ಮಾರ್ಕ್‌ನ ಹೆಲ್ಸಿಂಗೋರ್ ಎಂಬ ಊರಿನಲ್ಲಿ ಒಬ್ಬ ಪಾಲಕನ ದೂರಿನಿಂದ ಶುರುವಾದ ಪ್ರಕರಣ, 2022ರಲ್ಲಿ ಆ ಊರಿನ ಶಾಲೆಗಳಲ್ಲಿ ಗೂಗಲ್ ಸೇವೆಗೆ ತಡೆ ಬೀಳುವವರೆಗೂ ಹೋಯಿತು. ಅಮೆರಿಕದಲ್ಲಿ ವಿದ್ಯಾರ್ಥಿಗಳು ಕೋರ್ಟಿಗೆ ಹೋದ ಮೇಲೆ, 2014ರಲ್ಲಿ, ಶಿಕ್ಷಣ ಖಾತೆಗಳ ಇಮೇಲ್ ಅನ್ನು ಜಾಹೀರಾತಿಗಾಗಿ ಜಾಲಾಡುವುದನ್ನು ಗೂಗಲ್ ನಿಲ್ಲಿಸಿತು. ಅಂದರೆ ಅಲ್ಲಿಯವರೆಗೂ ಜಾಲಾಡುತ್ತಿತ್ತು.

ನಮ್ಮಲ್ಲೂ ದಾರಿ ಇಲ್ಲದಿಲ್ಲ. ಪಿಎಚ್‌ಡಿ ಪ್ರಬಂಧಗಳಿರುವ ಶೋಧಗಂಗಾವನ್ನೇ ನೋಡಿ. ಅದು ಯಾವ ವಿಶ್ವವಿದ್ಯಾಲಯದ ಸ್ವಂತದ್ದೂ ಅಲ್ಲ. ಯುಜಿಸಿಯಡಿಯ ಇನ್‌ಫ್ಲಿಬ್‌ನೆಟ್ ಗಾಂಧಿನಗರದಲ್ಲಿ ಕೂತು ನಡೆಸುತ್ತದೆ. ವಿಶ್ವವಿದ್ಯಾಲಯಗಳ ಪಾಲಿಗೆ ಅದೂ ಹೊರಗಿನವರ ಸೇವೆಯೇ. ಆದರೆ ಒಡಂಬಡಿಕೆಗೆ ಸಹಿ ಇದೆ, ಯಾರು ಏನು ಕೊಡಬೇಕು ಎಂದು ಬರೆದಿದೆ, ಕೆಳಗಿರುವ ತಂತ್ರಾಂಶ ಮುಕ್ತವಾದದ್ದು. ಗೈಡ್ ನಿವೃತ್ತರಾದರೆ ಪ್ರಬಂಧ ಮಾಯವಾಗುವುದಿಲ್ಲ. ಸಾಮಗ್ರಿ ಹೊರಗಿದೆಯೋ ಒಳಗಿದೆಯೋ ಎಂಬುದಕ್ಕಿಂತ ಯಾರ ಹೆಸರಿನಲ್ಲಿದೆ, ಯಾವ ಕಾಗದದ ಮೇಲಿದೆ ಎಂಬುದೇ ಮುಖ್ಯ ಎಂದು ನಮಗೆ ಅನ್ನಿಸಿದ್ದು ಇದನ್ನು ನೋಡಿಯೇ.

ಕಾನೂನೂ ಈಗ ಇದನ್ನೇ ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯ 8ನೇ ಕಲಮಿನ ಪ್ರಕಾರ, ಮಾಹಿತಿ ಪಡೆದ ಸಂಸ್ಥೆ ಬೇರೆಯವರ ಕೈಲಿ ಕೆಲಸ ಮಾಡಿಸಿದರೂ ಹೊಣೆ ಸಂಸ್ಥೆಯದ್ದೇ. ಹಾಗೆ ಮಾಡಿಸುವುದೂ ಸರಿಯಾದ ಕರಾರಿನ ಮೇಲೆಯೇ ಆಗಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಕಲಮುಗಳು ಜಾರಿಗೆ ಬರಲು ಒಂದೂವರೆ ವರ್ಷದ ಕಾಲಾವಕಾಶ ಕೊಟ್ಟಿದ್ದಾರೆ. ಅದು ಮುಗಿದ ದಿನ "ಏಜೆನ್ಸಿಯವರದ್ದು ಸಾರ್" ಎಂಬ ಉತ್ತರದ ಆಯುಸ್ಸೂ ಮುಗಿಯುತ್ತದೆ. ಗುಮಾಸ್ತರ ಸ್ವಂತ ಜಿಮೇಲ್‌ನಲ್ಲಿ ಮುನ್ನೂರು ಮಕ್ಕಳ ಆಧಾರ್ ತುಂಬಿಸಿಕೊಂಡದ್ದಕ್ಕೆ ಯಾವ ಕರಾರು ತೋರಿಸುತ್ತಾರೋ ನೋಡಬೇಕು.

ಮಾಡಬೇಕಾದ್ದರಲ್ಲಿ ಹೆಚ್ಚಿನದಕ್ಕೆ ದುಡ್ಡು ಬೇಡ. ಖಾತೆ ವ್ಯಕ್ತಿಯ ಹೆಸರಿನಲ್ಲಿ ಬೇಡ, ಹುದ್ದೆಯ ಹೆಸರಿನಲ್ಲಿ ಇರಲಿ. ವಿಭಾಗದ ಮುಖ್ಯಸ್ಥರು ಬದಲಾದಾಗ ಬೀರುವಿನ ಕೀಲಿ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಆ ಚಾರ್ಜ್ ಪಟ್ಟಿಯಲ್ಲಿ ಪಾಸ್‌ವರ್ಡಿಗೂ ಒಂದು ಸಾಲು ಸೇರಲಿ. ಮುಖ್ಯ ಅಡ್ಮಿನ್ ಇಬ್ಬರಿರಲಿ, ಇಬ್ಬರೂ ಕಾಯಂ ನೌಕರರಾಗಿರಲಿ. ವೆಬ್ ವಿಳಾಸ ಕಡ್ಡಾಯವಾಗಿ ಸ್ವಂತದ್ದಾಗಿರಬೇಕು, ಅದರ ನೋಂದಣಿ ಏಜೆನ್ಸಿಯ ಹೆಸರಿನಲ್ಲಿ ಇರಲೇಬಾರದು. ವರ್ಷಕ್ಕೊಮ್ಮೆ ಎಲ್ಲವನ್ನೂ ಹೊರತೆಗೆದು ಒಂದು ಹಾರ್ಡ್ ಡಿಸ್ಕಿಗೆ ಹಾಕಿ ಗ್ರಂಥಾಲಯದಲ್ಲಿಡಿ. ಪರಿಗ್ರಹಣ ಸಂಖ್ಯೆ ಬರೆದು, ಪುಸ್ತಕಕ್ಕೆ ಮಾಡಿದ ಹಾಗೆಯೇ. ಜಾತಿ, ಆಧಾರ್, ಬ್ಯಾಂಕ್ ವಿವರ ಮಾತ್ರ ಯಾವ ಬಿಟ್ಟಿ ಫಾರ್ಮ್‌ನಲ್ಲೂ ಬೇಡ. ಇದರಲ್ಲಿ ನಾವು ರಾಜಿ ಇಲ್ಲ.

ಪತ್ರಕರ್ತರಾಗಿ ನಾವೂ ಸುಮ್ಮನೆ ಕೂರುವಂತಿಲ್ಲ. ಘಟಿಕೋತ್ಸವದ ಚಿನ್ನದ ಪದಕದ ಸುದ್ದಿ ಪ್ರತಿ ವರ್ಷ ಬರೆಯುತ್ತೇವೆ. ಅದೇ ವಿಶ್ವವಿದ್ಯಾಲಯದ ಇಮೇಲ್ ಕರಾರಿಗೆ ಸಹಿ ಹಾಕಿದ್ದು ಯಾರೆಂದು ಒಮ್ಮೆಯೂ ಕೇಳಿಲ್ಲ. ರಾಜ್ಯದ ವಿಶ್ವವಿದ್ಯಾಲಯಗಳು ಮಾಹಿತಿ ಹಕ್ಕು ಕಾಯ್ದೆಯಡಿ ಬರುತ್ತವೆ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕಿರಬೇಕು, 150 ಪದ ಮೀರಬಾರದು. ನಮಗೆ ಬೇಕಾದ್ದು ಅದರಲ್ಲಿ ಹಿಡಿಯುತ್ತದೆ: ಇಮೇಲ್ ಮತ್ತು ಕಡತ ಸಂಗ್ರಹದ ಸೇವೆಗೆ ಮಾಡಿಕೊಂಡ ಕರಾರಿನ ಪ್ರತಿ, ಅಡ್ಮಿನ್ ಹೊಣೆ ಇರುವ ಹುದ್ದೆ, ಬ್ಯಾಕಪ್ ತೆಗೆದ ಕೊನೆಯ ದಿನಾಂಕ, ಸೇವೆ ಬಿಡುವಾಗ ಕಡತ ವಾಪಸ್ ಪಡೆಯುವ ಷರತ್ತು. ನಾವು ನಾಲ್ಕು ಜಿಲ್ಲೆಯವರು ಈ ವಾರ ಹಾಕುತ್ತಿದ್ದೇವೆ. ಉಳಿದ ಜಿಲ್ಲೆಗಳ ಗೆಳೆಯರು ಇದೇ ಒಕ್ಕಣೆ ಬಳಸಬಹುದು. ಉತ್ತರ ಬಂದ ಹಾಗೆ ಇಲ್ಲೇ ಹಾಕುತ್ತೇವೆ.

ಅಂದ ಹಾಗೆ, ಆ ಕೆರೆ ಸ್ಟೋರಿ ಸಿಕ್ಕಿತು. ಪತ್ರಿಕೆ ಅಚ್ಚು ಹಾಕಿದ ಪ್ರೆಸ್ಸಿನ ಅಟ್ಟದ ಮೇಲೆ, ಮದುವೆ ಕರೆಯೋಲೆಗಳ ಕಟ್ಟಿನ ಕೆಳಗೆ, ಹಳೆಯ ಸಂಚಿಕೆಗಳ ಒಂದು ಕಟ್ಟಿತ್ತು. ಒಂದು ಮೂಲೆಯನ್ನು ಇಲಿ ತಿಂದಿದೆ, ಅವಳ ಹೆಸರಿರುವ ಸಾಲು ಉಳಿದಿದೆ. ಫೋಟೊ ತೆಗೆದು ಕಳಿಸಿದೆವು. ಅರ್ಜಿಯ ಕೊನೆಯ ದಿನಕ್ಕೆ ಇನ್ನೂ ಎರಡು ದಿನ ಇತ್ತು.