ಪುಸ್ತಕವೂ ಪುಸ್ತಕ ಕೊಟ್ಟ ಕೈಯೂ

‘ಒಂದು ಪುಸ್ತಕ ನನ್ನ ಬಾಳನ್ನೇ ಬದಲಿಸಿತು’ ಎಂಬ ಮಾತನ್ನು ನಾವು ಸಭೆ ಸಮಾರಂಭಗಳಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಕೇಳಿದಾಗಲೆಲ್ಲ, ಆ ಪುಸ್ತಕ ಅವರ ಕೈಗೆ ಬಂದದ್ದಾದರೂ ಹೇಗೆ ಎಂಬ ಪ್ರಶ್ನೆ ನನ್ನಲ್ಲಿ ಏಳುತ್ತದೆ. ಪುಸ್ತಕದ ಮಹಿಮೆಯನ್ನು ಕೊಂಡಾಡುವ ಭರದಲ್ಲಿ ಅದನ್ನು ತಂದುಕೊಟ್ಟವರನ್ನು ನಾವು ಮರೆತುಬಿಡುತ್ತೇವೆ.

ಗಾಂಧೀಜಿಯವರ ಕಥೆ ಎಲ್ಲರಿಗೂ ತಿಳಿದದ್ದೇ. 1904ನೆಯ ಇಸವಿಯಲ್ಲಿ ಅವರು ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೊರಟಿದ್ದರು. ಬೀಳ್ಕೊಡಲು ನಿಲ್ದಾಣಕ್ಕೆ ಬಂದ ಮಿತ್ರ ಪೋಲಾಕ್, ದಾರಿಯಲ್ಲಿ ಓದಿಕೊಳ್ಳಲೆಂದು ರಸ್ಕಿನ್ನನ ‘ಅನ್‌ಟು ದಿಸ್ ಲಾಸ್ಟ್’ ಎಂಬ ಗ್ರಂಥವನ್ನು ಕೈಗಿತ್ತರು. ಇಪ್ಪತ್ತನಾಲ್ಕು ಗಂಟೆಯ ಪ್ರಯಾಣ. ಹಿಡಿದ ಪುಸ್ತಕವನ್ನು ಕೆಳಗಿಡಲಾಗಲಿಲ್ಲ. ಊರು ಸೇರಿದ ರಾತ್ರಿ ನಿದ್ದೆಯೂ ಬರಲಿಲ್ಲ. ಅದೇ ವರ್ಷ ಡರ್ಬನ್ನಿನ ಬಳಿ ಫೀನಿಕ್ಸ್ ಆಶ್ರಮ ತಲೆಯೆತ್ತಿತು. 1908ರಲ್ಲಿ ಅವರೇ ಆ ಗ್ರಂಥದ ಸಾರವನ್ನು ಗುಜರಾತಿಗೆ ತಂದು ‘ಸರ್ವೋದಯ’ ಎಂದು ಹೆಸರಿಟ್ಟರು. ವಿದ್ಯಾರ್ಥಿದೆಸೆಯಲ್ಲಿ ತಾವು ಪಠ್ಯಪುಸ್ತಕಗಳ ಹೊರಗೆ ಹೆಚ್ಚೇನೂ ಓದಿರಲಿಲ್ಲವೆಂದು ಆತ್ಮಕಥೆಯಲ್ಲಿ ಅವರು ಹೇಳಿಕೊಂಡಿದ್ದಾರೆ. (ನಮ್ಮಂಥವರಿಗೆ ಇದೊಂದು ಸಮಾಧಾನ!) ತಮ್ಮೊಳಗೆ ಮೊದಲೇ ನೆಲೆಸಿದ್ದ ನಂಬಿಕೆಗಳೇ ರಸ್ಕಿನ್ನನಲ್ಲಿ ಕಂಡವೆಂದೂ ಹೇಳಿದ್ದಾರೆ. ಅಂದಮೇಲೆ ನೆಲ ಹದವಾಗಿಯೇ ಇತ್ತು. ಪೋಲಾಕರ ಕೈಯಿಂದ ಮಳೆ ಬಂತು.

ಅಂಬೇಡ್ಕರರ ಉದಾಹರಣೆ ನನ್ನ ಮನಸ್ಸಿಗೆ ಇದಕ್ಕಿಂತಲೂ ಹತ್ತಿರ. 1907ರಲ್ಲಿ ಅವರು ಮೆಟ್ರಿಕ್ಯುಲೇಷನ್ ತೇರ್ಗಡೆಯಾದಾಗ, ಅಸ್ಪೃಶ್ಯರೆನಿಸಿಕೊಂಡ ಮನೆತನದ ಹುಡುಗನೊಬ್ಬ ಅಷ್ಟು ಓದಿದ್ದೇ ದೊಡ್ಡ ಸಂಗತಿಯೆಂದು ಮುಂಬಯಿಯಲ್ಲಿ ಅಭಿನಂದನ ಸಭೆ ಸೇರಿತು. ಕೃಷ್ಣಾಜಿ ಅರ್ಜುನ ಕೇಳೂಸ್ಕರ್ ಎಂಬ ಉಪಾಧ್ಯಾಯರು, ತಾವೇ ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯನ್ನು ಅವರಿಗೆ ಉಡುಗೊರೆಯಾಗಿ ಕೊಟ್ಟರು. ಮನೆಯಲ್ಲಿ ತಂದೆ ಓದಿಸುತ್ತಿದ್ದದ್ದು ರಾಮಾಯಣ ಮಹಾಭಾರತಗಳನ್ನು. ಪುಸ್ತಕ ಓದಿ ಮುಗಿಸಿದ ಮಗ, ಬೌದ್ಧ ಸಾಹಿತ್ಯವನ್ನು ನಮಗೇಕೆ ಪರಿಚಯ ಮಾಡಿಸಲಿಲ್ಲವೆಂದು ತಂದೆಯನ್ನೇ ಕೇಳಿದರು. ಅವರು ನಾಗಪುರದಲ್ಲಿ ಬೌದ್ಧಧರ್ಮವನ್ನು ಸ್ವೀಕರಿಸಿದ್ದು 1956ರ ಅಕ್ಟೋಬರ್ 14ರಂದು. ನಡುವೆ 49 ವರ್ಷ! ಒಂದೇ ರಾತ್ರಿಯಲ್ಲಿ ಕೆಲಸ ಮಾಡುವ ಪುಸ್ತಕಗಳಿರುವಂತೆ ಅರ್ಧ ಶತಮಾನ ಒಳಗೊಳಗೇ ಕೆಲಸ ಮಾಡುವ ಪುಸ್ತಕಗಳೂ ಉಂಟು. ಕೇಳೂಸ್ಕರರಾದರೋ ಪುಸ್ತಕ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಮುಂದೆ ಬರೋಡೆಯ ಮಹಾರಾಜರಿಂದ ಆ ಹುಡುಗನಿಗೆ ವಿದ್ಯಾರ್ಥಿವೇತನ ದೊರೆಯಲೂ ನೆರವಾದರು.

ನಮ್ಮ ನಾಡಿನಲ್ಲಿಯೂ ಇಂಥವರು ಇದ್ದರು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು.

ಇನ್ನು ನಮ್ಮ ಮಾತು. ಮನೆತನದಲ್ಲಿಯೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ನನ್ನಂತೆ ಇಲ್ಲಿ ಅನೇಕರಿದ್ದಾರೆ. ನಮ್ಮ ಮನೆಯಲ್ಲಿ ಅಚ್ಚಾದ ಕಾಗದವೆಂದರೆ ಪಡಿತರ ಚೀಟಿ, ಗೋಡೆಯ ಕ್ಯಾಲೆಂಡರು, ಅಕ್ಕನ ಏಳನೆಯ ತರಗತಿಯ ಹಳೆಯ ಪಠ್ಯ. ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದ ಬೇಸಗೆಯಲ್ಲಿ, ಪತ್ರಿಕೆಯ ಕ್ರೀಡಾಪುಟ ನೋಡಲು ಪಂಚಾಯಿತಿ ಗ್ರಂಥಾಲಯಕ್ಕೆ ಹೋಗುತ್ತಿದ್ದ ನನ್ನನ್ನು ಅಲ್ಲಿಯ ಮೇಲ್ವಿಚಾರಕರು ಕರೆದು, ‘ಇದನ್ನೊಂದು ಓದಿ ನೋಡಪ್ಪ’ ಎಂದು ಕಾರಂತರ ‘ಚೋಮನ ದುಡಿ’ಯನ್ನು ಕೊಟ್ಟರು. 1933ರಲ್ಲಿ ಪ್ರಕಟವಾದ ಕಾದಂಬರಿ. ತನ್ನದೆಂಬ ಬೇಸಾಯ ಮಾಡಬೇಕೆಂಬ ಚೋಮನ ಆಸೆ ಕೊನೆಗೂ ಈಡೇರುವುದಿಲ್ಲ. ಓದಿದ ಮೇಲೆ, ಹದಿನೈದು ವರ್ಷ ಎಂದೂ ಕೇಳದಿದ್ದ ಮಾತೊಂದನ್ನು ಕೇಳಿದೆ: ‘ಅಪ್ಪಾ, ನಾವು ಗೇಯೋ ಹೊಲ ನಮ್ಮದು ಯಾಕಲ್ಲ?’ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ತಾತನ ಕಾಲದ ಸಾಲದ ಕಥೆಯನ್ನು ಹೇಳಿದರು. ನನ್ನ ಬಾಳು ಬದಲಾಯಿತೆಂದು ಜಂಬ ಕೊಚ್ಚಿಕೊಳ್ಳಲಾರೆ. ಆದರೆ ಬಿ.ಎ.ಗೆ ಚರಿತ್ರೆಯನ್ನು ಆರಿಸಿಕೊಂಡದ್ದಕ್ಕೆ ಆ ಸಂಜೆಯೇ ಕಾರಣ.

ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಗಳಿಗೇನೂ ಕೊರತೆಯಿಲ್ಲ. ಆದರೆ ಅವು ಬೀರುಗಳಲ್ಲಿ ಬೀಗದ ಹಿಂದಿವೆ. ಕಿಟಕಿಯ ಬಳಿ ನಿಂತು ಚೀಟಿಯಲ್ಲಿ ಹೆಸರು ಬರೆದುಕೊಟ್ಟರೆ ಒಳಗಿನಿಂದ ಪುಸ್ತಕ ಬರುತ್ತದೆ. ನಿಯಮ ಎಲ್ಲರಿಗೂ ಒಂದೇ. ಆದರೆ ಹೆಸರೇ ಗೊತ್ತಿಲ್ಲದ ಪುಸ್ತಕವನ್ನು ಚೀಟಿಯಲ್ಲಿ ಬರೆಯುವುದು ಹೇಗೆ? ಮೇಷ್ಟರ ಮನೆಯ ಹುಡುಗನ ನಾಲಗೆಯ ತುದಿಯಲ್ಲಿ ಹತ್ತು ಹೆಸರುಗಳಿರುತ್ತವೆ; ಕೂಲಿಯವರ ಮನೆಯಿಂದ ಬಂದ ಹುಡುಗಿ ಪರೀಕ್ಷೆಯ ಗೈಡನ್ನೇ ಬರೆದುಕೊಡುತ್ತಾಳೆ. ಆಮೇಲೆ ‘ಇಂದಿನ ವಿದ್ಯಾರ್ಥಿಗಳಿಗೆ ಓದುವ ಅಭಿರುಚಿಯೇ ಇಲ್ಲ’ ಎಂಬ ಆಕ್ಷೇಪಣೆ. ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದಲ್ಲ ಎನ್ನುವವರೂ ಇದ್ದಾರೆ. ಅಲ್ಲಿಯೂ ಹುಡುಕಬೇಕಾದರೆ ಹೆಸರು ಗೊತ್ತಿರಬೇಕಷ್ಟೆ!

ಬೀಗ ತೆಗೆದರೆ ಪುಸ್ತಕ ಕಳವಾಗುವುದೆಂಬ ಅಂಜಿಕೆ ನಿರಾಧಾರವಲ್ಲ. ಲೆಕ್ಕ ಒಪ್ಪಿಸಬೇಕಾದ ಗ್ರಂಥಪಾಲಕರ ಕಷ್ಟ ನನಗೂ ಅರ್ಥವಾಗುತ್ತದೆ. ಆದರೆ ಪುಸ್ತಕವಿರುವುದು ಬಳಕೆಗೆ ಎಂಬುದನ್ನೇ ಮೊದಲ ಸೂತ್ರವಾಗಿಟ್ಟುಕೊಂಡು ಎಸ್. ಆರ್. ರಂಗನಾಥನ್ನರು ತಮ್ಮ ಗ್ರಂಥಾಲಯ ಶಾಸ್ತ್ರವನ್ನು ಪ್ರಕಟಿಸಿದ್ದು 1931ರಲ್ಲಿ. ಓದುಗನು ಕಪಾಟಿನ ಮುಂದೆ ತಾನೇ ನಿಂತು ಆರಿಸಿಕೊಳ್ಳುವಂತಿರಬೇಕೆಂದು ವಾದಿಸಿದ ಅವರೇ 1962ರಲ್ಲಿ ನಮ್ಮ ಬೆಂಗಳೂರಿನಲ್ಲಿ ಆ ಶಾಸ್ತ್ರದ ಸಂಶೋಧನ ಕೇಂದ್ರವೊಂದನ್ನು ಆರಂಭಿಸಿದರು. ವರ್ಷಕ್ಕೆ ಹತ್ತು ಪುಸ್ತಕ ಕಳೆದುಹೋದರೂ, ಯಾರೂ ಮುಟ್ಟದೆ ಗೆದ್ದಲಿಗೆ ಆಹಾರವಾಗುವುದಕ್ಕಿಂತ ಅದು ಸಣ್ಣ ನಷ್ಟವೆಂದೇ ನನ್ನ ಅಭಿಪ್ರಾಯ.

ಹಿರಿಯರಲ್ಲಿ ನಮ್ಮ ಬಿನ್ನಹ ಇಷ್ಟೆ: ಶನಿವಾರ ಮಧ್ಯಾಹ್ನ ಎರಡು ಗಂಟೆಯ ಕಾಲ ಬೀರುಗಳನ್ನು ತೆರೆದಿಡಲಿ. ಅಂತಿಮ ವರ್ಷದ ನಾವು ಇಬ್ಬಿಬ್ಬರು ಸರದಿಯಂತೆ ಬಾಗಿಲಲ್ಲಿ ಕುಳಿತು ಲೆಕ್ಕ ಬರೆದುಕೊಳ್ಳುತ್ತೇವೆ. ಕೇಳಿದವರಿಗೆ ನಾವು ಓದಿದ್ದರಲ್ಲಿ ಒಂದೊಂದನ್ನು ತೆಗೆದುಕೊಡುತ್ತೇವೆ. ಈ ಸಂಚಿಕೆ ಕೈಸೇರುವ ವೇಳೆಗೆ ನಮಗೆ ಇಲ್ಲಿ ಉಳಿದಿರುವುದು ಕೆಲವೇ ಶನಿವಾರಗಳು. ಆರಂಭಿಸಲು ಅಷ್ಟು ಸಾಕು.