ನೆತ್ತಿಯ ಮೇಲಿನ ಭಾರ

2023ರಲ್ಲಿ ಬೇಲೂರು, ಹಳೇಬೀಡುಗಳ ದೇಗುಲಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ತಿಪಟೂರು, ಅರಸೀಕೆರೆಯ ಮಾರ್ಗವಾಗಿ ಅತ್ತ ಸಾಗುವ ದೊಡ್ಡ ಎಸ್‌ಯುವಿಗಳ ನೆತ್ತಿಯ ಮೇಲೆ ಸಾಮಾನು ಕಟ್ಟುವ ಅಡ್ಡಸರಳುಗಳು ಕಾಣುತ್ತವೆ. ಅನೇಕ ವೇಳೆ ಅವುಗಳ ಮೇಲೆ ಸಾಮಾನೇ ಇರುವುದಿಲ್ಲ.

ಅಡ್ಡಸರಳು ಕೊಳ್ಳುವವರು ಮೊದಲು ನೋಡಬೇಕಾದುದು ಅಂಗಡಿಯ ಬಣ್ಣದ ಪಟವನ್ನಲ್ಲ, ವಾಹನದ ಕೈಪಿಡಿಯನ್ನು. ಛಾವಣಿ ಹೊರಬಲ್ಲ ತೂಕದ ಮಿತಿ ಅಲ್ಲಿರುತ್ತದೆ. ಸರಳು ಹಾಗೂ ಪೆಟ್ಟಿಗೆಯ ತೂಕವೂ ಆ ಲೆಕ್ಕಕ್ಕೇ ಸೇರತಕ್ಕದ್ದು. ಮಿತಿ 75 ಕಿಲೋ ಎಂದಿದ್ದು, ಸರಳು-ಪೆಟ್ಟಿಗೆಗಳೇ 25 ಕಿಲೋ ತೂಗಿದರೆ ಸಾಮಾನಿಗೆ ಉಳಿಯುವುದು 50 ಮಾತ್ರ. ಕೆಲವು ವಾಹನಗಳಲ್ಲಿ ಛಾವಣಿಯ ಅಂಚಿನ ಉದ್ದಸರಳುಗಳು ಬರಿಯ ಅಲಂಕಾರಕ್ಕಿರುತ್ತವೆ. ಅವುಗಳಿಗೆ ಅಡ್ಡಸರಳು ಬಿಗಿಯುವುದು ಅಪಾಯಕರ. ಬೇಲೂರು ದಾಟಿ ಘಟ್ಟದ ತಿರುವುಗಳಿಗೆ ಹೊರಟ ವಾಹನವನ್ನಂತೂ ಮೇಲಿನ ಭಾರ ಇನ್ನಷ್ಟು ವಾಲಿಸುತ್ತದೆ.

ಚೌಕ ಸರಳಿಗಿಂತ ವಿಮಾನದ ರೆಕ್ಕೆಯಾಕಾರದ ಸರಳು ಗಾಳಿಯನ್ನು ಸುಲಭವಾಗಿ ಸೀಳುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಅದಕ್ಕೆ ತೆರುವುದು ಡೀಸೆಲನ್ನು, ಹೊಗೆಯನ್ನು ಕುಡಿಯುವುದು ದಾರಿಬದಿಯ ಊರು. ಆದುದರಿಂದ ಬೇಗ ಬಿಚ್ಚಿಡಬಹುದಾದ ಸರಳನ್ನೇ ಆರಿಸುವುದು ಲೇಸು. ಬಿಚ್ಚುವ ಮನಸ್ಸಿರಬೇಕಷ್ಟೆ! ಹಳೇಬೀಡಿನಿಂದ ಬೇಲೂರಿಗೆ ಸುಮಾರು 16 ಕಿಲೋಮೀಟರು. ಎರಡು ದಿನದ ಬಟ್ಟೆಬರೆಗೆ ಹಿಂದಿನ ಡಿಕ್ಕಿಯೇ ಧಾರಾಳ.