ನೀರು ಕುಡಿಯಲು ಹೆದರುವ ಕಡೆ ಯೋಗ ದಿನ ಯಾತಕ್ಕೆ?

ಗಾರ್ಮೆಂಟ್ಸ್ ಮಾಲೀಕರೇ, ಮ್ಯಾನೇಜರ್‌ಗಳೇ, ಲೈನಿನಲ್ಲಿ ಕೂತು ಹೊಲಿಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಎಷ್ಟೋ ಹೆಂಗಸರು ಬೆಳಿಗ್ಗೆ ಮಷಿನ್ ಮುಂದೆ ಕೂತರೆ ಮಧ್ಯಾಹ್ನದ ಊಟದವರೆಗೆ ನೀರೇ ಮುಟ್ಟುವುದಿಲ್ಲ. ಬಾಟಲಿ ಪಕ್ಕದಲ್ಲೇ ಇರುತ್ತದೆ. ಕುಡಿದರೆ ಏಳಬೇಕು. ಎದ್ದರೆ ಬಂಡಲ್ ಗುಡ್ಡೆ ಬೀಳುತ್ತದೆ, ಮುಂದಿನ ಮಷಿನ್ ಖಾಲಿ ಕೂರುತ್ತದೆ, ಆ ಗಂಟೆಯ ಟಾರ್ಗೆಟ್ ತಪ್ಪುತ್ತದೆ. ಆಮೇಲೆ ಸೂಪರ್‌ವೈಸರ್ ಬಾಯಿಂದ ಬರುವ ಮಾತು ಇಲ್ಲಿ ಅಚ್ಚು ಹಾಕುವಂಥದ್ದಲ್ಲ. ಹೀಗೆ ತಡೆದುಕೊಂಡವರಿಗೆ ಉರಿಮೂತ್ರ, ಜ್ವರ, ಸೊಂಟ ನೋವು. ಕೊನೆಗೆ ರಜೆ, ಸಂಬಳ ಕಟ್.

ಅದೇ ಕಾರ್ಖಾನೆಯಲ್ಲಿ ಜೂನ್ 21ಕ್ಕೆ ಯೋಗ ದಿನ ನಡೆಯುತ್ತದೆ. ಬ್ಯಾನರ್, ಫೋಟೊ, ಬಾಳೆಹಣ್ಣು. ಯೋಗದ ಮೇಲೆ ನಮಗೆ ಸಿಟ್ಟಿಲ್ಲ. ಅದಷ್ಟನ್ನೇ ಆರೋಗ್ಯ ಕಾರ್ಯಕ್ರಮ ಎಂದು ಬೈಯರ್‌ಗೆ ಕಳಿಸುವ ವರದಿಯಲ್ಲಿ ಬರೆಯುತ್ತೀರಲ್ಲ, ಅದಕ್ಕೆ ನಮ್ಮ ತಕರಾರು.

ಇಂಥ ಮೇಲುಮೇಲಿನ ಕಾರ್ಯಕ್ರಮಗಳ ಫಲ ಏನೆಂದು ಅಮೆರಿಕದಲ್ಲಿ ಅಳೆದು ನೋಡಿದ್ದಾರೆ. ಸುಮಾರು 33 ಸಾವಿರ ನೌಕರರಿರುವ ಮಳಿಗೆ ಕಂಪನಿಯೊಂದರ ಕೆಲವು ಅಂಗಡಿಗಳಲ್ಲಿ ಊಟ, ವ್ಯಾಯಾಮ, ಮನಸ್ಸಿನ ಒತ್ತಡದ ಬಗ್ಗೆ ಪಾಠ ಹೇಳಿದರು. ಒಂದೂವರೆ ವರ್ಷದ ಮೇಲೆ ನೋಡಿದರೆ ತೂಕ, ರಕ್ತದೊತ್ತಡ, ವೈದ್ಯಕೀಯ ಖರ್ಚು, ಗೈರುಹಾಜರಿ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2019ರಲ್ಲಿ ಪ್ರಕಟವಾದ ಈ ಫಲಿತಾಂಶ ಹಿಡಿದು 'ಹಾಗಾದರೆ ಖರ್ಚೇ ಬೇಡ' ಎನ್ನುವ ಮಾಲೀಕರಿದ್ದಾರೆ. ಸ್ವಲ್ಪ ತಡೆಯಿರಿ, ನಮ್ಮ ಊರಿನದೂ ಒಂದು ಲೆಕ್ಕವಿದೆ.

ಬೆಂಗಳೂರು ಸುತ್ತಮುತ್ತಲ ಗಾರ್ಮೆಂಟ್ಸ್‌ಗಳಲ್ಲಿ ಹಳೆಯ ದೀಪ ತೆಗೆದು ಎಲ್‌ಇಡಿ ಹಾಕಿದಾಗ ಏನಾಯಿತೆಂದು ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದರು. ಹಾಕಿದ್ದು ಕರೆಂಟ್ ಬಿಲ್ ಇಳಿಯಲೆಂದು. ಆದರೆ ಎಲ್‌ಇಡಿ ಅಷ್ಟಾಗಿ ಕಾಯುವುದಿಲ್ಲ. ಫ್ಲೋರ್ ತಂಪಾಯಿತು, ಸೆಕೆಯ ದಿನಗಳಲ್ಲಿ ಆಗುತ್ತಿದ್ದ ಉತ್ಪಾದನೆಯ ಕುಸಿತ ಬಹುಪಾಲು ತಗ್ಗಿತು. ಅದನ್ನೂ ಲೆಕ್ಕಕ್ಕೆ ಹಿಡಿದರೆ ಹಾಕಿದ ದುಡ್ಡು ವಾಪಸಾಗುವ ಅವಧಿ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯಿತು. ಇಲ್ಲಿ ಯಾರಿಗೂ ಯಾರೂ ಉಪದೇಶ ಮಾಡಲಿಲ್ಲ. ಕೆಲಸದ ಜಾಗ ಸುಧಾರಿಸಿತು, ಅಷ್ಟೇ. ನಾವು ಕೇಳುವುದೂ ಇದನ್ನೇ.

ಕೇಳುತ್ತಿರುವುದು ಹೊಸದೂ ಅಲ್ಲ. ಶುದ್ಧ ಕುಡಿಯುವ ನೀರು, ಶೌಚಾಲಯ, ಕೆಲಸ ಐದು ಗಂಟೆ ಮೀರುವ ಮೊದಲು ಅರ್ಧ ಗಂಟೆ ವಿರಾಮ, 250ಕ್ಕಿಂತ ಹೆಚ್ಚು ಜನರಿದ್ದರೆ ಕ್ಯಾಂಟೀನ್, ಇವೆಲ್ಲ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇದ್ದವು. ಅದರ ಮೇಲೆ ಪ್ರತಿ ಲೈನಿಗೂ ಒಬ್ಬ 'ರಿಲೀವರ್' ಟೈಲರ್ ಕೊಡಿ. ಎದ್ದು ಹೋದವರ ಮಷಿನ್‌ನಲ್ಲಿ ಆಕೆ ಕೂರಲಿ. ಟಾರ್ಗೆಟ್ಟೂ ತಪ್ಪುವುದಿಲ್ಲ, ಬೈಗುಳವೂ ಇರುವುದಿಲ್ಲ. ಸ್ಟೂಲ್ ತೆಗೆದು ಬೆನ್ನಿಗೆ ಆಸರೆಯಿರುವ ಕುರ್ಚಿ ಹಾಕಿ. ನಮ್ಮ ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಕ್ಯಾಂಟೀನಿನಲ್ಲಿ ಬರೀ ಅನ್ನ, ತಿಳಿಸಾರು ಬಡಿಸುವ ಬದಲು ಕಾಳು, ಸೊಪ್ಪು, ಮೊಟ್ಟೆ ಇಡಿ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಆದರೆ ವರದಿ ಅವರವರ ಕೈಗೇ ಹೋಗಲಿ, ಎಚ್‌ಆರ್ ಮೇಜಿಗಲ್ಲ. ಕಾಯಿಲೆ ಗೊತ್ತಾದರೆ ಕೆಲಸ ಹೋಗುತ್ತದೆಂಬ ಭಯವಿದ್ದರೆ ಯಾರೂ ತೋಳು ಕೊಡುವುದಿಲ್ಲ.

ಮಾಲೀಕರೇ, ಕೈ ಕುದುರಿದ ಟೈಲರ್ ಬಿಟ್ಟುಹೋದರೆ ಹೊಸಬರನ್ನು ತಯಾರು ಮಾಡಲು ಎಷ್ಟು ವಾರ ಬೇಕು, ಅಷ್ಟರಲ್ಲಿ ಎಷ್ಟು ಪೀಸ್ ರಿಜೆಕ್ಟ್ ಆಗುತ್ತದೆ ಎಂಬುದು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಶಿಪ್‌ಮೆಂಟ್ ತಡವಾಗಿ ವಿಮಾನದಲ್ಲಿ ಮಾಲು ಕಳಿಸಿದ ಖರ್ಚು ನೆನಪಿಸಿಕೊಳ್ಳಿ. ಒಬ್ಬ ರಿಲೀವರ್‌ನ ಸಂಬಳ ಅದರ ಮುಂದೆ ಎಷ್ಟರದು?

ದುಡಿಯುವವರೇ, ನಿಮ್ಮ ಸಂಬಳದಿಂದ ಇಎಸ್‌ಐಗೆ ನೂರಕ್ಕೆ 75 ಪೈಸೆ ಹೋಗುತ್ತದೆ, ಕಂಪನಿ 3.25 ರೂಪಾಯಿ ಕಟ್ಟುತ್ತದೆ. ಅರ್ಹತೆಯ ದಿನ ತುಂಬಿದ್ದರೆ ಕಾಯಿಲೆ ರಜೆಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ನೂರಕ್ಕೆ 70 ಸಿಗುತ್ತದೆ. ಇಎಸ್‌ಐ ಆಸ್ಪತ್ರೆಯ ಕ್ಯೂ ಎಷ್ಟುದ್ದವೆಂದು ಎಲ್ಲರಿಗೂ ಗೊತ್ತು. ಹಾಗೆಂದು ಹಕ್ಕು ಬಿಡಬೇಡಿ.

ಈ ಕಾಗದವನ್ನು ಬಿಸಾಡಬೇಡಿ. ಮುಂದಿನ ವರ್ಕ್ಸ್ ಕಮಿಟಿ ಸಭೆಗೆ ತೆಗೆದುಕೊಂಡು ಹೋಗಿ, ಮೊದಲ ವಿಷಯವಾಗಿ ನೀರು ಮತ್ತು ರಿಲೀವರ್ ಎಂದು ಬರೆಸಿ, ನಡಾವಳಿಗೆ ಎರಡೂ ಕಡೆಯವರ ಸಹಿ ಹಾಕಿಸಿ.